ಪರದೇಶದ ಹ್ಯಾಂಗರಿನಲ್ಲಿ ಬೆಂಗಳೂರಿನ ವಿಮಾನ: ಪ್ರವಾಸ ಹೊರಟ ಸದಸ್ಯರಿಗೆ ಒಂದು ಕೈಪಿಡಿ



ಗೂಡಲೂರು, ಮಸಿನಗುಡಿ, ಊಟಿ ಕಡೆಯ ನಮ್ಮ ಮನೆಗಳಲ್ಲಿ ಈಗೀಗ ಒಂದು ಹೊಸ ಪದ್ಧತಿ ಶುರುವಾಗಿದೆ. ಮಗಳ ಬಾಣಂತನಕ್ಕೆ, ಇಲ್ಲವೇ ಮೊಮ್ಮಗುವನ್ನು ನೋಡಿಕೊಳ್ಳುವುದಕ್ಕೆ, ಹಿರಿಯರು ಮೂರು ತಿಂಗಳು ಆರು ತಿಂಗಳು ಹೊರದೇಶಕ್ಕೆ ಹೋಗಿ ಬರುತ್ತಾರೆ. ಅಲ್ಲಿ ಅಜ್ಜಿಯರಿಗೆ ಕೈತುಂಬ ಕೆಲಸ. ತಾತಂದಿರ ಪಾಡು ಮಾತ್ರ ಕಷ್ಟ. ಮಗ ಸೊಸೆ ಕೆಲಸಕ್ಕೆ ಹೋದ ಮೇಲೆ ಕಿಟಕಿಯ ಹತ್ತಿರ ಕೂತು ಮಳೆ ನೋಡುವುದು, ವಾಟ್ಸಾಪ್ ನೋಡುವುದು, ಮತ್ತೆ ಮಳೆ ನೋಡುವುದು. ಮಳೆ ನೋಡುವುದಕ್ಕೆ ಗೂಡಲೂರಿನಿಂದ ಅಷ್ಟು ದೂರ ಹೋಗಬೇಕಾಗಿರಲಿಲ್ಲ. ವಾರದ ರಜೆಯಲ್ಲಿ ಮಕ್ಕಳು ಕರೆದುಕೊಂಡು ಹೋಗುವುದು ಒಂದೋ ದೊಡ್ಡ ಅಂಗಡಿಗೆ, ಇಲ್ಲವೇ ದೇವಸ್ಥಾನಕ್ಕೆ.

ಇಂಥವರಿಗೆ ನಾವು ಒಂದು ದಾರಿ ಹೇಳಬೇಕೆಂದಿದ್ದೇವೆ. ಹೋದ ದೇಶದಲ್ಲಿ ಹಳೆಯ ಯುದ್ಧವಿಮಾನಗಳ ಸಂಗ್ರಹಾಲಯ ಎಲ್ಲಿದೆ ಎಂದು ಹುಡುಕಿ, ಒಂದು ದಿನ ಅಲ್ಲಿಗೆ ಹೋಗಿ ಬನ್ನಿ. ಯುದ್ಧ, ಬಾಂಬು ನಮಗೇಕೆ ಎಂದು ಕೇಳುವವರಿದ್ದಾರೆ. ನಾವೂ ಮೊದಲು ಹಾಗೇ ಅಂದುಕೊಂಡಿದ್ದೆವು. ಆಮೇಲೆ ತಿಳಿದದ್ದು ಏನೆಂದರೆ, ಪ್ರಪಂಚದ ದೊಡ್ಡ ದೊಡ್ಡ ಸಂಗ್ರಹಾಲಯಗಳಲ್ಲಿ ಹೆಮ್ಮೆಯಿಂದ ನಿಲ್ಲಿಸಿರುವ ಕೆಲವು ವಿಮಾನಗಳು ಅಲ್ಲಿಗೆ ತಲುಪಿದ್ದೇ ನಮ್ಮ ಬೆಂಗಳೂರಿನ ಕಾರ್ಖಾನೆಯ ಕೆಲಸಗಾರರ ಕೈಯಿಂದ. ಮೇಲೆ ಬಳಿದ ಬಣ್ಣ ಬೇರೆ ದೇಶದ್ದು. ಹಾಗಾಗಿ ಗೊತ್ತಿಲ್ಲದವರಿಗೆ ಅದು ಕಾಣುವುದಿಲ್ಲ. ಗೊತ್ತಿದ್ದು ಹೋದರೆ ನೋಡುವ ರೀತಿಯೇ ಬೇರೆ.

ಮೊದಲು ಲಿಬರೇಟರ್ ಎಂಬ ವಿಮಾನದ ಕಥೆ. ಇದು ಎರಡನೆಯ ಮಹಾಯುದ್ಧದ ಅಮೆರಿಕದ ಬಾಂಬರ್, ಬಿ-24 ಎಂದು ಇದರ ಸಂಖ್ಯೆ. ನಾಲ್ಕು ಎಂಜಿನ್, ಒಂದು ರೆಕ್ಕೆಯ ತುದಿಯಿಂದ ಇನ್ನೊಂದರ ತುದಿಗೆ 110 ಅಡಿ. ಇಂಥವನ್ನು 18,000ಕ್ಕೂ ಹೆಚ್ಚು ಕಟ್ಟಿದರು. ಯುದ್ಧ ಮುಗಿದ ಮೇಲೆ ಯಾರಿಗೂ ಬೇಡವಾಯಿತು. ಹೆಚ್ಚಿನವು ಕರಗಿ ಅಲ್ಯೂಮಿನಿಯಂ ಗಟ್ಟಿಯಾದವು. ಬ್ರಿಟಿಷರ ರಾಯಲ್ ಏರ್‌ಫೋರ್ಸ್ ಬಳಸುತ್ತಿದ್ದ ಲಿಬರೇಟರ್‌ಗಳು ಅಮೆರಿಕದಿಂದ ಎರವಲಾಗಿ ಬಂದವು. ಯುದ್ಧ ಮುಗಿದರೆ ವಾಪಸ್ ಕೊಡಬೇಕು, ಇಲ್ಲವೇ ನಾಶ ಮಾಡಬೇಕು ಎಂಬುದು ಕರಾರು. ಭಾರತದಲ್ಲಿದ್ದ ಲಿಬರೇಟರ್‌ಗಳನ್ನು ಕಾನ್ಪುರದ ಚಕೇರಿ ವಿಮಾನ ನಿಲ್ದಾಣದಲ್ಲಿ ಸಾಲಾಗಿ ನಿಲ್ಲಿಸಿ, ಮತ್ತೆ ಹಾರದಂತೆ ಕೆಡಿಸಿದರು. ಉಪಕರಣಗಳನ್ನು ಒಡೆದರು, ಎಂಜಿನ್ನುಗಳಿಗೆ ಮರಳು ಸುರಿದರು, ಮೈಗೆ ಪೆಟ್ಟು ಕೊಟ್ಟರು. ಹಾಗೆ ಬಿಟ್ಟು ತಮ್ಮ ದೇಶಕ್ಕೆ ಹೊರಟುಹೋದರು.

1948ರಲ್ಲಿ ಹೊಸ ಭಾರತದ ವಾಯುಪಡೆಗೆ ಭಾರೀ ಬಾಂಬರ್ ಬೇಕಿತ್ತು, ಕೊಳ್ಳಲು ಹಣವಿರಲಿಲ್ಲ. ಆಗ ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿಯವರು, ಅಂದರೆ ಇಂದಿನ ಎಚ್‌ಎಎಲ್‌ನವರು, ಕಾನ್ಪುರದ ಆ ರಾಶಿಯನ್ನು ನೋಡಲು ಹೋದರು. ಒಂದರ ಚಕ್ರ ಇನ್ನೊಂದಕ್ಕೆ, ಇನ್ನೊಂದರ ಎಂಜಿನ್ ಮತ್ತೊಂದಕ್ಕೆ ಸೇರಿಸಿ, ಒಂದೇ ಒಂದು ಸಲ ಹಾರಿದರೆ ಸಾಕು ಎಂಬಷ್ಟು ಮಟ್ಟಿಗೆ ಅಲ್ಲೇ ಸರಿಮಾಡಿದರು. ಕಂಪನಿಯ ಪರೀಕ್ಷಾ ಪೈಲಟ್ ಜಮ್ಷೆಡ್ ಮುನ್ಷಿ ಅವುಗಳನ್ನು ಒಂದೊಂದಾಗಿ ಹಾರಿಸಿಕೊಂಡು ಬೆಂಗಳೂರಿಗೆ ತಂದರು. ಕಾನ್ಪುರದಿಂದ ಬೆಂಗಳೂರು ಸುಮಾರು 1500 ಕಿಲೋಮೀಟರ್. ಬ್ರಿಟಿಷರು ಬೇಕೆಂದೇ ಕೆಡಿಸಿಟ್ಟ ವಿಮಾನದಲ್ಲಿ ಅಷ್ಟು ದೂರ ಹಾರುವುದೆಂದರೆ ಏನೆಂದು ಯೋಚನೆ ಮಾಡಿ. ನಮ್ಮ ಘಾಟಿಯಲ್ಲಿ ಬ್ರೇಕ್ ಸರಿಯಿಲ್ಲದ ಜೀಪು ಓಡಿಸಲು ಕೊಟ್ಟರೆ ನಾವು ಬೇಡ ಎನ್ನುತ್ತೇವೆ. ಬೆಂಗಳೂರಿಗೆ ಬಂದ ಮೇಲೆ ಕಾರ್ಖಾನೆಯಲ್ಲಿ ಪೂರ್ತಿ ಬಿಚ್ಚಿ, ತೊಳೆದು, ಹೊಸದಾಗಿ ಜೋಡಿಸಿದರು. ಹೀಗೆ ಸುಮಾರು 40 ವಿಮಾನಗಳು ಎದ್ದು ನಿಂತವು. 1948ರ ನವೆಂಬರಿನಲ್ಲಿ ವಾಯುಪಡೆಯ 5ನೇ ಸ್ಕ್ವಾಡ್ರನ್ ಇವುಗಳಿಂದಲೇ ಶುರುವಾಯಿತು. ಆಮೇಲೆ 6ನೇ ಸ್ಕ್ವಾಡ್ರನ್ ಇವುಗಳಲ್ಲಿ ಸಮುದ್ರ ಕಾವಲು ಮಾಡಿತು. 1968ರವರೆಗೆ, ಅಂದರೆ 20 ವರ್ಷ, ಲಿಬರೇಟರ್‌ಗಳು ನಮ್ಮ ಆಕಾಶದಲ್ಲಿದ್ದವು.

ಅಷ್ಟು ಹೊತ್ತಿಗೆ ಹೊರಗಿನವರಿಗೆ ಅರಿವಾಯಿತು. 18,000 ಕಟ್ಟಿದ್ದರೂ ತೋರಿಸಲು ತಮ್ಮ ಬಳಿ ಬೆರಳೆಣಿಕೆಯಷ್ಟೂ ಇಲ್ಲ, ಭಾರತದಲ್ಲಿ ಮಾತ್ರ ಇನ್ನೂ ಹಾರುತ್ತಿವೆ! ಒಂದೊಂದು ದೇಶವೂ ಕೇಳಿ ಪಡೆಯಿತು. ಹಾಗೆ ಹೋದವುಗಳಲ್ಲಿ ಮೂರು, ನಮ್ಮ ಜನ ಹೆಚ್ಚಾಗಿ ಹೋಗುವ ಮೂರು ದೇಶಗಳಲ್ಲಿವೆ.

ಕೆನಡಾಕ್ಕೆ ಹೋದವರು ಒಟ್ಟಾವಾದ ರಾಕ್‌ಕ್ಲಿಫ್‌ನಲ್ಲಿರುವ ಕೆನಡಾ ವಾಯುಯಾನ ಮತ್ತು ಬಾಹ್ಯಾಕಾಶ ಸಂಗ್ರಹಾಲಯದಲ್ಲಿ ಒಂದನ್ನು ನೋಡಬಹುದು. 1968ರಲ್ಲಿ ಅದು ಅಲ್ಲಿಗೆ ಹೋಯಿತು. ಬದಲಿಗೆ ಕೆನಡಾದವರು ಲೈಸ್ಯಾಂಡರ್ ಎಂಬ ಹಳೆಯ ವಿಮಾನವನ್ನು ಕೊಟ್ಟರು. ಅದು ದೆಹಲಿಯ ಪಾಲಂನಲ್ಲಿರುವ ವಾಯುಪಡೆ ಸಂಗ್ರಹಾಲಯದಲ್ಲಿದೆ. ನಮ್ಮಲ್ಲಿ ಹಿಂದೆ ಭತ್ತ ಕೊಟ್ಟು ಉಪ್ಪು ತರುತ್ತಿದ್ದ ಹಾಗೆ. ಅಮೆರಿಕದಲ್ಲಿ ಅರಿಜೋನಾ ರಾಜ್ಯದ ಟೂಸಾನ್ ಊರಿನ ಪೀಮಾ ವಿಮಾನ ಸಂಗ್ರಹಾಲಯದಲ್ಲಿ ಇನ್ನೊಂದು. ಇದನ್ನು 1969ರಲ್ಲಿ ಭಾರತದಿಂದ ಅಲ್ಲಿಯವರೆಗೆ ಹಾರಿಸಿಕೊಂಡೇ ಹೋದರು. ಹಡಗಿಗೆ ಹೇರಲಿಲ್ಲ, ಬಿಚ್ಚಲಿಲ್ಲ. ಹಿಂದೊಮ್ಮೆ ಗುಜರಿಗೆ ಬಿದ್ದಿದ್ದ ವಿಮಾನ ಅರ್ಧ ಭೂಮಿಯನ್ನು ದಾಟಿತೆಂದರೆ ಬೆಂಗಳೂರಿನ ಫಿಟ್ಟರುಗಳ ಕೆಲಸಕ್ಕೆ ಬೇರೆ ಸರ್ಟಿಫಿಕೇಟ್ ಬೇಕಿಲ್ಲ. ಮೂರನೆಯದು ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್ ಸಂಗ್ರಹಾಲಯದ್ದು. 1974ರಲ್ಲಿ ನಮ್ಮ ವಾಯುಪಡೆ ಇದನ್ನು ಉಡುಗೊರೆಯಾಗಿ ಕೊಟ್ಟಿತು. ಕೆಡಿಸಿ ಬಿಟ್ಟುಹೋದವರಿಗೇ ಸರಿಮಾಡಿ ಉಡುಗೊರೆ ಕೊಟ್ಟಂತಾಯಿತು.

ಈಗ ಬಣ್ಣದ ವಿಷಯ. ಒಟ್ಟಾವಾದ ವಿಮಾನದ ಮೇಲೆ ಕೆನಡಾ ವಾಯುಪಡೆಯ ಗುರುತು. ಟೂಸಾನಿನದಕ್ಕೆ ಅಮೆರಿಕದ ನಕ್ಷತ್ರ, ಮೂತಿಯ ಮೇಲೆ 'ಬಂಗೇ ಬಕರೂ' ಎಂಬ ಅಮೆರಿಕನ್ ಹೆಸರು. ಬ್ರಿಟನ್ನಿನದಕ್ಕೆ ಅವರ ಯುದ್ಧಕಾಲದ ಗುರುತು. ಭಾರತದ ಕೇಸರಿ ಬಿಳಿ ಹಸಿರಿನ ಚಕ್ರ ಯಾವುದರ ಮೇಲೂ ಇಲ್ಲ. ಯುದ್ಧದಲ್ಲಿ ಅದು ಕಳೆದದ್ದು ಒಂದೆರಡು ವರ್ಷ, ನಮ್ಮಲ್ಲಿ ದುಡಿದದ್ದು ಅದರ ಹತ್ತರಷ್ಟು ಕಾಲ. ಆದರೂ ಒಂದೆರಡು ವರ್ಷದ ಅಂಗಿಯನ್ನೇ ತೊಡಿಸಿ ನಿಲ್ಲಿಸಿದ್ದಾರೆ. ತಪ್ಪೆಂದು ನಾವು ಹೇಳುವುದಿಲ್ಲ. ಅವರ ಮನೆ, ಅವರ ಅಜ್ಜಂದಿರ ನೆನಪು. ಆದರೆ ನಮ್ಮವರು ಎದುರಿಗೆ ನಿಂತಾಗ ಈ ಅಂಗಿಯ ಒಳಗೆ ಏನಿದೆ ಎಂದು ತಿಳಿದಿರಬೇಕು, ಜೊತೆಯಲ್ಲಿರುವ ಮೊಮ್ಮಗನಿಗೆ ಹೇಳಬೇಕು. ಸಂಗ್ರಹಾಲಯದ ಬೋರ್ಡಿನಲ್ಲಿ ಭಾರತದ ಹೆಸರು ಒಂದು ಸಾಲಿನಲ್ಲಿ ಬಂದು ಹೋಗಬಹುದು. ಆ ಸಾಲನ್ನು ಬಿಡದೆ ಓದಿ.

ಬ್ರಿಟನ್ನಿನ ಲಿಬರೇಟರ್‌ಗೆ ನಮ್ಮ ನೀಲಗಿರಿಯ ನಂಟೂ ಇದೆ. ಅದು ಯುದ್ಧದಲ್ಲಿ 99ನೇ ಸ್ಕ್ವಾಡ್ರನ್‌ನಲ್ಲಿತ್ತು. ಆ ದಳದ ಪೂರ್ತಿ ಹೆಸರು '99ನೇ ಮದ್ರಾಸ್ ಪ್ರೆಸಿಡೆನ್ಸಿ ಸ್ಕ್ವಾಡ್ರನ್'. ಯುದ್ಧನಿಧಿಗೆ ಮದ್ರಾಸ್ ಪ್ರಾಂತ್ಯದಿಂದ ಹೋದ ಹಣಕ್ಕಾಗಿ ಆ ಹೆಸರು. ಆಗ ನೀಲಗಿರಿ ಜಿಲ್ಲೆ, 1877ರಲ್ಲಿ ಅದಕ್ಕೆ ಸೇರಿದ ನಮ್ಮ ಗೂಡಲೂರು ಭಾಗವೂ ಸೇರಿ, ಮದ್ರಾಸ್ ಪ್ರಾಂತ್ಯದೊಳಗೇ ಇತ್ತು. ನಮ್ಮ ಹಿರಿಯರಲ್ಲಿ ಯಾರು ಮನಸ್ಸಾರೆ ಕೊಟ್ಟರು, ಯಾರು ಒತ್ತಾಯಕ್ಕೆ ಕೊಟ್ಟರು ಎಂಬ ಲೆಕ್ಕ ಬೋರ್ಡಿನ ಮೇಲೆ ಬರೆಯುವಂಥದ್ದಲ್ಲ.

ಮೈಸೂರಿನ ಕಥೆ ಇನ್ನೂ ಸ್ವಾರಸ್ಯದ್ದು. ಮೈಸೂರು ಸಂಸ್ಥಾನ ಕೊಟ್ಟ ಹಣಕ್ಕೆ ರಾಯಲ್ ಏರ್‌ಫೋರ್ಸ್ 1941ರಲ್ಲಿ ಕಟ್ಟಿದ 129ನೇ ಸ್ಕ್ವಾಡ್ರನ್ನಿಗೆ 'ಮೈಸೂರು ಸ್ಕ್ವಾಡ್ರನ್' ಎಂದು ಹೆಸರಿಟ್ಟರು. ಅದರ ಲಾಂಛನ ಏನು ಗೊತ್ತೇ? ಗಂಡಭೇರುಂಡ! ಬಸ್ಸಿನ ಮೇಲೆ, ಸರ್ಕಾರಿ ಕಾಗದದ ಮೇಲೆ ನಾವು ನೋಡುವ ಅದೇ ಎರಡು ತಲೆಯ ಹಕ್ಕಿ, ಇಂಗ್ಲಿಷ್ ಕಾಲುವೆಯ ಮೇಲೆ ಸ್ಪಿಟ್‌ಫೈರ್ ವಿಮಾನ ಹಾರಿಸಿದ ಒಂದು ದಳದ ಗುರುತಾಗಿತ್ತು. 1944ರಲ್ಲಿ ಇದೇ ದಳ ಮಸ್ಟ್ಯಾಂಗ್ ವಿಮಾನಗಳಲ್ಲಿ ಜರ್ಮನರ ವಿ-1 ಹಾರುವ ಬಾಂಬುಗಳನ್ನು ಹೊಡೆದು ಬೀಳಿಸಿತು. ಲಂಡನ್ನಿನ ಸ್ಟ್ರಾಂಡ್ ಬೀದಿಯಲ್ಲಿ ಸೇಂಟ್ ಕ್ಲೆಮೆಂಟ್ ಡೇನ್ಸ್ ಎಂಬ ಚರ್ಚು ವಾಯುಪಡೆಯದೇ. ಅದರ ನೆಲದಲ್ಲಿ ದಳಗಳ ಲಾಂಛನಗಳನ್ನು ಕಪ್ಪುಗಲ್ಲಿನಲ್ಲಿ ಕೆತ್ತಿ ನೂರಾರು ಕೂರಿಸಿದ್ದಾರೆ. ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿ, ನಮ್ಮ ಹಕ್ಕಿಯನ್ನು ಮೊದಲು ಹುಡುಕಿದವರಿಗೆ ಐಸ್‌ಕ್ರೀಂ ಎಂದು ಪಂದ್ಯ ಕಟ್ಟಿ. ದಕ್ಷಿಣಕ್ಕೆ ಚಿಚೆಸ್ಟರ್ ಕಡೆಗೆ ಹೋಗುವವರು ಟ್ಯಾಂಗ್‌ಮಿಯರ್ ಸೇನಾ ವಿಮಾನ ಸಂಗ್ರಹಾಲಯ ನೋಡಬಹುದು. ಅಲ್ಲಿಗೆ ಹತ್ತಿರದ ವೆಸ್ಟ್‌ಹ್ಯಾಂಪ್ನೆಟ್ ನಿಲ್ದಾಣದಿಂದ ಮೈಸೂರು ದಳ ಹಾರಾಡುತ್ತಿತ್ತು.

ಇನ್ನು ಜರ್ಮನಿ. ಮ್ಯೂನಿಕ್ ನಗರದ ಉತ್ತರಕ್ಕೆ ಓಬರ್‌ಶ್ಲೈಸ್‌ಹೈಮ್ ಎಂಬ ಊರಿದೆ. ಎಸ್-1 ಲೋಕಲ್ ರೈಲು ಹತ್ತಿ ಇಳಿದು ಸ್ವಲ್ಪ ನಡೆದರೆ ಡಾಯ್ಚಸ್ ಮ್ಯೂಸಿಯಂನ ವಿಮಾನ ಶಾಖೆ ಸಿಗುತ್ತದೆ. ಮೊದಲ ಮಹಾಯುದ್ಧದ ಕಾಲದ ಹಳೆಯ ವಿಮಾನ ನಿಲ್ದಾಣದ ಕಟ್ಟಡವದು. ಅಲ್ಲಿನ ಸಂಗ್ರಹದಲ್ಲಿ ಬೆಂಗಳೂರಿನಲ್ಲೇ ರೂಪಿಸಿ ಬೆಂಗಳೂರಿನಲ್ಲೇ ಕಟ್ಟಿದ ಎಚ್‌ಎಫ್-24 ಮಾರುತ್ ಇದೆ. ಜರ್ಮನರು ಇದನ್ನು ಇಟ್ಟುಕೊಂಡಿರುವುದಕ್ಕೆ ಕಾರಣ ಕುರ್ಟ್ ಟ್ಯಾಂಕ್. ಯುದ್ಧಕಾಲದಲ್ಲಿ ಫೋಕೆ-ವುಲ್ಫ್ 190 ವಿಮಾನ ರೂಪಿಸಿದ ಎಂಜಿನಿಯರ್ ಆತ. ಯುದ್ಧ ಸೋತ ಮೇಲೆ ಅರ್ಜೆಂಟೀನಾಕ್ಕೆ ಹೋಗಿ, ಅಲ್ಲಿಂದ 1956ರಲ್ಲಿ ಬೆಂಗಳೂರಿಗೆ ಬಂದರು. ಅವರ ತಂಡ ಮತ್ತು ನಮ್ಮ ಎಂಜಿನಿಯರುಗಳು ಸೇರಿ ಮೊದಲು ಮರದಲ್ಲಿ ಒಂದು ಪೂರ್ಣ ಗಾತ್ರದ ಗ್ಲೈಡರ್ ಮಾಡಿದರು. 1959ರಲ್ಲಿ ಡಕೋಟಾ ವಿಮಾನಕ್ಕೆ ಹಗ್ಗ ಕಟ್ಟಿ ಅದನ್ನು ಎಳೆದು ಮೇಲೆ ಬಿಟ್ಟು ಪರೀಕ್ಷೆ ಮಾಡಿದರು. ಎಂಜಿನ್ನಿರುವ ಮಾರುತ್ 1961ರ ಜೂನ್ 17ರಂದು ಮೊದಲ ಸಲ ಹಾರಿತು. ಹಾರಿಸಿದವರು ವಿಂಗ್ ಕಮಾಂಡರ್ ಸುರಂಜನ್ ದಾಸ್. 1970ರ ಜನವರಿಯಲ್ಲಿ ಮಾರುತ್‌ನ ಒಂದು ಪರೀಕ್ಷಾ ಹಾರಾಟದಲ್ಲೇ ಅವರು ತೀರಿಕೊಂಡರು. ಬೆಂಗಳೂರಿನಲ್ಲಿ ಓದಿದ, ಕೆಲಸ ಮಾಡಿದ ನಮ್ಮವರಲ್ಲಿ ಎಷ್ಟೋ ಜನ ಸುರಂಜನ್ ದಾಸ್ ರಸ್ತೆಯಲ್ಲಿ ಓಡಾಡಿದ್ದಾರೆ. ಆ ಹೆಸರು ಯಾರದೆಂದು ಕೇಳಿದವರು ಕಡಿಮೆ.

ಒಟ್ಟು 147 ಮಾರುತ್ ತಯಾರಾದವು. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಕೆಲಸಕ್ಕೆ ಬಂದವು. ವಿಮಾನದ ಮೈ ಶಬ್ದಕ್ಕಿಂತ ವೇಗವಾಗಿ ಹೋಗಲು ಯೋಗ್ಯವಾಗಿತ್ತು. ಆ ಶಕ್ತಿಯ ಎಂಜಿನ್ ಮಾತ್ರ ಕೊನೆಗೂ ಸಿಗಲಿಲ್ಲ. ಸಿಕ್ಕ ಚಿಕ್ಕ ಎಂಜಿನ್ನುಗಳಲ್ಲೇ ಅದು ದಿನ ದೂಡಿತು. ಮ್ಯೂನಿಕ್‌ನಲ್ಲಿ ಅದರ ಹಿಂಭಾಗಕ್ಕೆ ಹೋಗಿ ಎಂಜಿನ್ನಿನ ಎರಡು ಬಾಯಿಗಳನ್ನು ನೋಡಿ. ಮೈ ಎಷ್ಟು ಉದ್ದ, ಬಾಯಿ ಎಷ್ಟು ಸಣ್ಣ ಎಂದು ಕಣ್ಣಿಗೇ ಗೊತ್ತಾಗುತ್ತದೆ.

ಹುಡುಕುವ ರೀತಿಯ ಬಗ್ಗೆ ಕೆಲವು ಮಾತು. ಮ್ಯಾಪಿನಲ್ಲಿ ಬರೀ 'ಮ್ಯೂಸಿಯಂ' ಎಂದು ಹುಡುಕಿದರೆ ಚಿತ್ರಕಲೆ, ರಾಜಮನೆತನ ಎಲ್ಲಾ ಬರುತ್ತವೆ. ವಿಮಾನದ ಹೆಸರನ್ನೇ, ಲಿಬರೇಟರ್, ಮಾರುತ್, ಟೆಂಪೆಸ್ಟ್, ನ್ಯಾಟ್ ಎಂದು, ಊರಿನ ಹೆಸರಿನ ಜೊತೆ ಹಾಕಿ ಹುಡುಕಿಸಿ. ಮೊಮ್ಮಕ್ಕಳಿಗೆ ಇದು ಎರಡು ನಿಮಿಷದ ಕೆಲಸ. ವಿಮಾನದ ಪುಟ ಸಿಕ್ಕಿದರೆ ಅದರ ಚರಿತ್ರೆಯಲ್ಲಿ 'ಇಂಡಿಯನ್ ಏರ್‌ಫೋರ್ಸ್' ಎಂಬುದನ್ನೂ 'ಎಚ್‌ಇ' ಅಥವಾ 'ಎಚ್‌ಎ' ಎಂದು ಶುರುವಾಗುವ ಸಂಖ್ಯೆಯನ್ನೂ ನೋಡಿ. ಎಚ್‌ಇ ಇದ್ದರೆ ನಮ್ಮ ಲಿಬರೇಟರ್. ಎಚ್‌ಎ ಇದ್ದರೆ ಟೆಂಪೆಸ್ಟ್ ಇರಬಹುದು. ಲಂಡನ್ನಿನ ಸಂಗ್ರಹಾಲಯದಲ್ಲಿರುವ ಟೆಂಪೆಸ್ಟ್ ಕೂಡ ಭಾರತದಿಂದಲೇ ಹೋದದ್ದು.

ಎರಡನೆಯದು, ವಿಮಾನ ಆ ಸಂಗ್ರಹಾಲಯದ್ದು ಎಂದ ಮಾತ್ರಕ್ಕೆ ಆ ದಿನ ನೋಡಲು ಸಿಗುತ್ತದೆ ಎಂದಲ್ಲ. ರಾಯಲ್ ಏರ್‌ಫೋರ್ಸ್ ಸಂಗ್ರಹಾಲಯಕ್ಕೆ ಎರಡು ಜಾಗಗಳಿವೆ. ಒಂದು ಲಂಡನ್ನಿನ ಹೆಂಡನ್, ಇನ್ನೊಂದು ಬರ್ಮಿಂಗ್‌ಹ್ಯಾಮ್ ಆಚೆಯ ಕಾಸ್‌ಫರ್ಡ್. ನಾವು ಹೇಳಿದ ಲಿಬರೇಟರ್ ಎರಡೂ ಕಡೆ ಇದ್ದುಬಂದಿದೆ. ದೊಡ್ಡ ಸಂಗ್ರಹಾಲಯಗಳು ವಿಮಾನಗಳನ್ನು ಗೋದಾಮಿಗೆ, ರಿಪೇರಿಗೆ, ಹೊಸ ಕಟ್ಟಡಕ್ಕೆ ಸಾಗಿಸುತ್ತಲೇ ಇರುತ್ತವೆ. ಹೋಗುವ ವಾರಕ್ಕೆ ಮೊದಲು ಒಂದು ಇಮೇಲ್ ಹಾಕಿ: 'ಈ ವಿಮಾನ ಈಗ ಪ್ರದರ್ಶನದಲ್ಲಿದೆಯೇ? ನಾವು ಭಾರತದಿಂದ ಬಂದಿದ್ದೇವೆ, ಇದು ನಮ್ಮ ಊರಿನಲ್ಲಿ ರಿಪೇರಿಯಾದದ್ದು.' ಇಷ್ಟು ಬರೆದರೆ ಸಾಕು. ಸಂಗ್ರಹಾಲಯಗಳಲ್ಲಿ ನಿವೃತ್ತ ಸ್ವಯಂಸೇವಕರಿರುತ್ತಾರೆ, ವಿಮಾನವೆಂದರೆ ಪ್ರಾಣ ಬಿಡುವವರು. ನಿಮ್ಮ ಹತ್ತಿರ ಹೇಳಲು ಒಂದು ಕಥೆ ಇದೆ ಎಂದರೆ ಅವರೇ ಹುಡುಕಿಕೊಂಡು ಬರುತ್ತಾರೆ. ಇಂಗ್ಲಿಷ್ ಸರಾಗವಾಗಿ ಬರುವುದಿಲ್ಲ ಎಂದು ಸಂಕೋಚ ಬೇಡ. ನಾವು ಕನ್ನಡ, ತಮಿಳು, ಮಲಯಾಳ, ಬಡಗ ಎಲ್ಲಾ ಬೆರೆಸಿ ಸಂತೆ ಮಾಡುವವರು, ಇದೊಂದು ಎಷ್ಟರ ಮಾತು.

ಇಮೇಲ್ ಹಾಕದೆ ಹೋದ ಫಲವನ್ನೂ ನಾವು ಕಂಡಿದ್ದೇವೆ. ಒಂದು ದೇಶದಲ್ಲಿ ಎರಡು ರೈಲು, ಒಂದು ಬಸ್ಸು ಬದಲಾಯಿಸಿ ಸಣ್ಣ ಸಂಗ್ರಹಾಲಯವೊಂದಕ್ಕೆ ಹೋದರೆ, ಚಳಿಗಾಲದಲ್ಲಿ ವಾರದ ಕೊನೆಗೆ ಮಾತ್ರ ತೆರೆಯುತ್ತಾರಂತೆ. ಬೇಲಿಯ ಆಚೆ ಟಾರ್ಪಾಲು ಹೊದ್ದ ವಿಮಾನದ ಬಾಲ ಮಾತ್ರ ಕಾಣುತ್ತಿತ್ತು. ಡಬ್ಬಿಯಲ್ಲಿದ್ದ ಚಿತ್ರಾನ್ನವನ್ನು ಬಸ್ ನಿಲ್ದಾಣದಲ್ಲಿ ತಿಂದು ವಾಪಸ್ ಬಂದೆವು. ತಪ್ಪು ನಮ್ಮದೇ.

ಖರ್ಚಿನ ವಿಷಯಕ್ಕೆ ಬಂದರೆ, ಲಂಡನ್ನಿನ ರಾಯಲ್ ಏರ್‌ಫೋರ್ಸ್ ಸಂಗ್ರಹಾಲಯಕ್ಕೆ ಪ್ರವೇಶ ಉಚಿತ. ಕೋಲಿಂಡೇಲ್ ಸುರಂಗ ರೈಲು ನಿಲ್ದಾಣದಿಂದ ನಡೆದೇ ಹೋಗಬಹುದು. ಅಮೆರಿಕದಲ್ಲಿ ರೈಟ್ ಸಹೋದರರ ಊರಾದ ಡೇಟನ್‌ನ ವಾಯುಪಡೆ ಸಂಗ್ರಹಾಲಯವೂ, ವಾಷಿಂಗ್ಟನ್ ಡಲ್ಲಸ್ ವಿಮಾನ ನಿಲ್ದಾಣದ ಹತ್ತಿರದ ಉದ್ವಾರ್-ಹೇಜಿ ಕೇಂದ್ರವೂ ಪ್ರವೇಶಕ್ಕೆ ಹಣ ಕೇಳುವುದಿಲ್ಲ. ಉದ್ವಾರ್-ಹೇಜಿಯಲ್ಲಿ ಕಾರು ನಿಲ್ಲಿಸಲು ಮಾತ್ರ ಕೊಡಬೇಕು. ಅಲ್ಲಿ ಹಿರೋಷಿಮಾದ ಮೇಲೆ ಬಾಂಬು ಹಾಕಿದ ಎನೋಲಾ ಗೇ ವಿಮಾನವನ್ನು ಇಟ್ಟಿದ್ದಾರೆ. ಅದರ ಹೊಳೆಯುವ ಮೈಯ ಮುಂದೆ ಮಕ್ಕಳು ನಗುತ್ತಾ ಫೋಟೋ ತೆಗೆಸಿಕೊಳ್ಳುವುದನ್ನು ನೋಡಿದರೆ ಹೊಟ್ಟೆಯೊಳಗೆ ಏನೋ ಆಗುತ್ತದೆ. ಬೇಡವೆನಿಸಿದವರು ಆ ಕಡೆ ಹೋಗದಿದ್ದರೂ ಆಯಿತು. ಪೀಮಾ, ಮ್ಯೂನಿಕ್‌ಗಳಲ್ಲಿ ಟಿಕೆಟ್ ಇದೆ. ಪೀಮಾ ಮರುಭೂಮಿಯ ಜಾಗ. 400ಕ್ಕೂ ಹೆಚ್ಚು ವಿಮಾನಗಳು, ಹೆಚ್ಚಿನವು ಬಯಲಿನಲ್ಲೇ. ನಮ್ಮ ತಂಪು ಸೀಮೆಯವರು ಅಲ್ಲಿಯ ಬೇಸಿಗೆಯಲ್ಲಿ ಮಧ್ಯಾಹ್ನ ನಡೆಯುವ ಸಾಹಸ ಮಾಡಬೇಡಿ. ಬೆಳಿಗ್ಗೆ ಹೋಗಿ. ಟೋಪಿ, ನೀರು ಮರೆಯಬೇಡಿ. ಮೊಣಕಾಲು ನೋವಿನವರು ಗಾಲಿಕುರ್ಚಿ ಸಿಗುತ್ತದೆಯೇ ಎಂದು ಮೊದಲೇ ಕೇಳಿ, ನಾಚಿಕೆ ಬೇಡ. ಕೆಲವು ಸಂಗ್ರಹಾಲಯಗಳು ಇಂದಿಗೂ ಕೆಲಸ ಮಾಡುವ ಸೇನಾ ನೆಲೆಗಳ ಒಳಗಿರುತ್ತವೆ. ಅಲ್ಲಿಗೆ ಪಾಸ್‌ಪೋರ್ಟ್ ಬೇಕು, ಮುಂಚಿತವಾಗಿ ಹೆಸರು ಕೊಡಬೇಕು, ಎಲ್ಲೆಂದರಲ್ಲಿ ಫೋಟೋ ತೆಗೆಯುವಂತಿಲ್ಲ.

ಗಲ್ಫ್‌ನಲ್ಲಿ ಮಕ್ಕಳಿರುವವರು ನಮ್ಮಲ್ಲಿ ಹೆಚ್ಚು. ಶಾರ್ಜಾದ ಅಲ್ ಮಹತ್ತಾ ಸಂಗ್ರಹಾಲಯ ಸಣ್ಣದಾದರೂ ಚೆನ್ನಾಗಿದೆ. 1932ರಲ್ಲಿ ಬ್ರಿಟನ್ನಿನಿಂದ ಭಾರತಕ್ಕೆ ಹಾರುತ್ತಿದ್ದ ವಿಮಾನಗಳು ಇಳಿದು ತಂಗುತ್ತಿದ್ದ ಜಾಗವದು. ಆಗಿನ ರನ್‌ವೇ ಈಗ ಊರಿನ ಒಂದು ರಸ್ತೆ. ಇಲ್ಲಿರುವುದು ಹೆಚ್ಚಾಗಿ ಪ್ರಯಾಣಿಕ ವಿಮಾನಗಳು. ಎರಡು ಗಂಟೆ ಸಾಕು.

ಆದರೆ ಹೊರದೇಶಕ್ಕೆ ಹೊರಡುವ ಮುಂಚೆ ಒಂದು ಸಲ ಬೆಂಗಳೂರಿನ ಎಚ್‌ಎಎಲ್ ಸಂಗ್ರಹಾಲಯ ನೋಡಿಕೊಂಡು ಹೋಗಿ ಎಂದು ನಮ್ಮ ಒತ್ತಾಯ. ಇಲ್ಲದಿದ್ದರೆ ಅಲ್ಲಿ ನೋಡಿದ್ದಕ್ಕೆ ಬೇರು ಇರುವುದಿಲ್ಲ. ಮಾರತಹಳ್ಳಿ ಕಡೆ, ಹಳೆಯ ವಿಮಾನ ನಿಲ್ದಾಣದ ಹತ್ತಿರ, 2001ರಲ್ಲಿ ಶುರುವಾದದ್ದು. ಕಾರ್ಖಾನೆ ಹುಟ್ಟಿದ್ದು 1940ರ ಡಿಸೆಂಬರಿನಲ್ಲಿ, ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರಿಂದ. ಮೈಸೂರು ಸಂಸ್ಥಾನ ಜಾಗವನ್ನೂ ಕೊಟ್ಟು ಬಂಡವಾಳವನ್ನೂ ಹಾಕಿತು. ಆಗ ದಿವಾನರಾಗಿದ್ದವರು ಮಿರ್ಜಾ ಇಸ್ಮಾಯಿಲ್. ಯುದ್ಧ ಜೋರಾದಾಗ ಅಮೆರಿಕನ್ನರು ಇಲ್ಲಿಗೆ ಬಂದು ತಮ್ಮ ವಿಮಾನಗಳನ್ನು ರಿಪೇರಿ ಮಾಡಿಸಿಕೊಂಡರು. ನೀರಿನ ಮೇಲೆ ಇಳಿಯುವ ಕ್ಯಾಟಲಿನಾ ವಿಮಾನಗಳು ರಿಪೇರಿಗೆಂದು ಬಂದು ಬೆಳ್ಳಂದೂರು ಕೆರೆಗೆ ಇಳಿಯುತ್ತಿದ್ದವು. ಈಗ ನೊರೆಗೆ ಹೆಸರಾದ ಅದೇ ಕೆರೆ. ಮುಂದೆ ಯಾವುದಾದರೂ ದೇಶದಲ್ಲಿ ದೋಣಿಯ ಹೊಟ್ಟೆಯ ಕ್ಯಾಟಲಿನಾ ಕಂಡರೆ ಬೆಳ್ಳಂದೂರನ್ನು ನೆನೆಯಿರಿ. ಸಂಗ್ರಹಾಲಯದಲ್ಲಿ ವಿ. ಎಂ. ಘಾಟಗೆ ಅವರು ರೂಪಿಸಿ 1951ರಲ್ಲಿ ಹಾರಿದ ಎಚ್‌ಟಿ-2 ತರಬೇತಿ ವಿಮಾನ, ಮಾರುತ್, ನ್ಯಾಟ್‌ನಿಂದ ಬೆಳೆದ ಅಜೀತ್, ಕಿರಣ್ ಎಲ್ಲವನ್ನೂ ಹತ್ತಿರದಿಂದ ನೋಡಬಹುದು. ಕಸ್ತೂರ್‌ಬಾ ರಸ್ತೆಯ ವಿಶ್ವೇಶ್ವರಯ್ಯ ಸಂಗ್ರಹಾಲಯದಲ್ಲೂ ಒಂದು ಮಾರುತ್ ಇದೆ.

ಗೂಡಲೂರಿನಿಂದ ಹೋಗುವವರಿಗೆ ತೊರೆಪಳ್ಳಿ, ತೆಪ್ಪಕಾಡು, ಗುಂಡ್ಲುಪೇಟೆ ದಾರಿ ಗೊತ್ತೇ ಇದೆ. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗೇಟು ಮುಚ್ಚಿರುತ್ತದೆ. ಗೇಟು ತೆರೆದ ಕೂಡಲೇ ಹೊರಟರೂ ಬೆಂಗಳೂರಿನ ಪಶ್ಚಿಮದಿಂದ ಪೂರ್ವದ ತುದಿಗೆ ಹೋಗುವಷ್ಟರಲ್ಲಿ ಮಧ್ಯಾಹ್ನ ದಾಟುತ್ತದೆ. ಒಂದೇ ದಿನಕ್ಕೆ ಹೋಗಿ ಬರುವ ಯೋಚನೆ ಬಿಡಿ. ನೆಂಟರ ಮನೆಯಲ್ಲಿ ಒಂದು ರಾತ್ರಿ ಇದ್ದು, ಮರುದಿನ ಬೆಳಿಗ್ಗೆ ಹೋಗಿ. ಸಂಗ್ರಹಾಲಯದ ವೇಳೆ, ರಜೆ ಮೊದಲೇ ಫೋನಿನಲ್ಲಿ ವಿಚಾರಿಸಿ. ಗೋವಾ ಕಡೆ ಹೋಗುವವರು ದಾಬೋಲಿಂ ವಿಮಾನ ನಿಲ್ದಾಣದ ಹತ್ತಿರ ನೌಕಾಪಡೆಯ ವಿಮಾನ ಸಂಗ್ರಹಾಲಯವನ್ನು ಬಿಡಬೇಡಿ. 1998ರಿಂದ ಇದೆ. ಹಡಗಿನ ಮೇಲಿಂದ ಹಾರುತ್ತಿದ್ದ ಸೀ ಹಾಕ್, ಸೀ ಹ್ಯಾರಿಯರ್ ಎಲ್ಲಾ ಅಲ್ಲಿವೆ. ಕಾರವಾರದ ಕಡಲತೀರದಲ್ಲೂ ಈಗ ನೌಕಾಪಡೆಯ ದೈತ್ಯ ಟುಪೊಲೆವ್ ವಿಮಾನವೊಂದು ಯುದ್ಧನೌಕೆಯ ಪಕ್ಕದಲ್ಲಿ ನಿಂತಿದೆ.

ಒಂದು ಬೇಸರವನ್ನು ಹೇಳದೆ ಇರಲಾಗುವುದಿಲ್ಲ. ಹೊರದೇಶಗಳಲ್ಲಿ ಲಿಬರೇಟರ್‌ನಂಥ ವಿಮಾನಕ್ಕೆ ಚಾವಣಿ ಇದೆ, ತೇವ ತಗಲದಂತೆ ನೋಡಿಕೊಳ್ಳುತ್ತಾರೆ. ನಮ್ಮ ದೇಶದ ಎಷ್ಟೋ ಊರುಗಳಲ್ಲಿ ವೃತ್ತದಲ್ಲಿ, ಉದ್ಯಾನದಲ್ಲಿ, ಕಾಲೇಜಿನ ಅಂಗಳದಲ್ಲಿ ಕಂಬದ ಮೇಲೆ ನಿಲ್ಲಿಸಿದ ವಿಮಾನಗಳು ಬಿಸಿಲು ಮಳೆಗೆ ಬಿಟ್ಟವು. ಟೈರು ಸೀಳಿರುತ್ತದೆ, ಕಾಕ್‌ಪಿಟ್ ಗಾಜು ಮಸುಕಾಗಿರುತ್ತದೆ, ರೆಕ್ಕೆಯ ಸಂದಿಯಲ್ಲಿ ಪಾರಿವಾಳದ ಗೂಡು. ವರ್ಷಕ್ಕೊಮ್ಮೆ ತುಕ್ಕಿನ ಮೇಲೇ ಬಣ್ಣ ಹೊಡೆಯುತ್ತಾರೆ. ಆ ಬಣ್ಣದ ಅಡಿಯಲ್ಲಿ ವಿಮಾನದ ನಿಜವಾದ ಸಂಖ್ಯೆ ಮುಚ್ಚಿಹೋದರೆ, ಅದು ಎಲ್ಲಿ ತಯಾರಾಯಿತು, ಯಾರು ಹಾರಿಸಿದರು ಎಂದು ಮುಂದೆ ಹೇಳಲು ಯಾರಿಗೂ ಆಗುವುದಿಲ್ಲ. ಇಂಥ ವಿಮಾನ ಎಲ್ಲೇ ಕಂಡರೂ ಬಾಲದ ಮೇಲಿನ ಸಂಖ್ಯೆ ಕಾಣುವಂತೆ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಇದಕ್ಕಿಂತ ಬೇಗ ಮಾಸುತ್ತಿರುವುದು ಇನ್ನೊಂದಿದೆ. ಲಂಡನ್ನಿನಲ್ಲೋ ಟೂಸಾನಿನಲ್ಲೋ ಬೋರ್ಡಿನ ಮೇಲೆ ಪೈಲಟ್ಟಿನ ಹೆಸರಿರುತ್ತದೆ, ದಳದ ಹೆಸರಿರುತ್ತದೆ. ರಿವೆಟ್ ಹೊಡೆದವರ, ಮರಳು ತುಂಬಿದ ಎಂಜಿನ್ ಬಿಚ್ಚಿ ತೊಳೆದವರ ಹೆಸರು ಎಲ್ಲೂ ಇಲ್ಲ. ಬೆಂಗಳೂರಿನ ಆ ಕಾರ್ಖಾನೆಗೆ ಮೈಸೂರು ಸೀಮೆಯಿಂದ, ಮದ್ರಾಸ್ ಪ್ರಾಂತ್ಯದಿಂದ, ಮಲಬಾರಿನಿಂದ ಕೆಲಸಗಾರರು ಹೋಗಿದ್ದರು. ಕನ್ನಡ, ತಮಿಳು, ಮಲಯಾಳ, ತೆಲುಗು ಮಾತಾಡುವವರು ಒಂದೇ ಷೆಡ್ಡಿನಲ್ಲಿ ದುಡಿದರು. ಗಡಿ ಊರಿನ ನಮಗೆ ಅಂಥ ಷೆಡ್ಡು ಹೇಗಿತ್ತೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 1948ರಲ್ಲಿ 20 ವರ್ಷದವರಾಗಿದ್ದವರಿಗೆ ಈಗ 95 ದಾಟಿದೆ. ಇರುವವರು ಬಹಳ ಕಡಿಮೆ. ಅವರ ಮಕ್ಕಳ ಮನೆಯ ಟ್ರಂಕಿನಲ್ಲಿ ಮಾತ್ರ ಕಾರ್ಖಾನೆಯ ಪಾಸು, ಹಿತ್ತಾಳೆಯ ಟೋಕನ್ನು, ಗುಂಪಿನ ಫೋಟೋ ಇನ್ನೂ ಇರಬಹುದು.

ಆದ್ದರಿಂದ ಗೂಡಲೂರು, ಮಸಿನಗುಡಿ, ಊಟಿ, ತಾಳವಾಡಿ, ಬತ್ತೇರಿ, ಹೊಸೂರು, ಕಾಸರಗೋಡು ಎಲ್ಲಾ ಕಡೆಯ ಸದಸ್ಯರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯಲ್ಲಿ, ನೆಂಟರಲ್ಲಿ ಎಚ್‌ಎಎಲ್‌ನಲ್ಲಿ ಹಳೆಯ ಕಾಲದಲ್ಲಿ ದುಡಿದವರಿದ್ದರೆ, ಅವರ ಫೋಟೋ, ಕಾಗದ ಏನಿದ್ದರೂ ಸಂಘದ ಮುಂದಿನ ಸಭೆಗೆ ತನ್ನಿ. ಮೂಲ ನಮಗೆ ಬೇಡ, ಅಲ್ಲೇ ಸ್ಕ್ಯಾನ್ ಮಾಡಿ ಕೈಗೆ ಕೊಡುತ್ತೇವೆ. ಫೋಟೋದ ಹಿಂದೆ ಯಾರು ಯಾರಿದ್ದಾರೆ ಎಂದು ಪೆನ್ಸಿಲಿನಲ್ಲಿ ಬರೆದು ತಂದರೆ ಇನ್ನೂ ಒಳ್ಳೆಯದು. ಹೊರದೇಶಕ್ಕೆ ಹೊರಟವರು ಹೋಗುವ ಮುಂಚೆ ನಮಗೊಂದು ಮಾತು ತಿಳಿಸಿ. ನೀವು ಹೋಗುವ ಊರಿನ ಹತ್ತಿರ ಯಾವ ವಿಮಾನವಿದೆ ಎಂದು ನೋಡಿ ಹೇಳುತ್ತೇವೆ. ಅಲ್ಲಿ ಫೋಟೋ ತೆಗೆಯುವಾಗ ವಿಮಾನದ ಪಕ್ಕದ ಬೋರ್ಡಿನ ಬರಹವೂ ಸ್ಪಷ್ಟವಾಗಿ ಬರಲಿ. ನೀವು ಫೋಟೋದಲ್ಲಿ ಇದ್ದರೂ ಸರಿ, ಬೋರ್ಡಿಗೆ ಅಡ್ಡ ನಿಲ್ಲಬೇಡಿ.